ಪದಚರ್ಚೆ: ಮೊಸರು ‘ಹೆಪ್ಪುಗಟ್ಟುವುದು’ ಒಲೆ ಪಕ್ಕದಲ್ಲೋ, ಫ್ರೀಜರ್‌ನಲ್ಲೋ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯ ಕೇಳೋಣ ಎಂದು ಬರೆಯುತ್ತಿದ್ದೇನೆ. ಅಡುಗೆಮನೆಯಿಂದಲೇ ಶುರು ಮಾಡಬೇಕು, ಸ್ವಲ್ಪ ಉದ್ದವಾಗುತ್ತದೆ.

ಚಿಕ್ಕಬಳ್ಳಾಪುರದಲ್ಲಿ ನಮ್ಮ ಬೀದಿಯ ಹೆಂಗಸರ ಸಂಘಕ್ಕೆ ತಿಂಗಳಿಗೊಂದು ಅಡುಗೆ ಬರೆದುಕೊಡುವ ಕೆಲಸ ನನ್ನದು. ಒಂದೇ ಹಾಳೆ, ದೊಡ್ಡ ಅಕ್ಷರ. ಈ ಬೇಸಿಗೆಗೆ ಮಕ್ಕಳಿಗೆಂದು ತಣ್ಣನೆಯ ತಿನಿಸೊಂದನ್ನು ಆರಿಸಿಕೊಂಡೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಸಣ್ಣಗೆ ಹೆಚ್ಚಿದ ಹಣ್ಣು, ಒಂದೆರಡು ಚಮಚ ಜೇನು. ಇವನ್ನು ಕಲಸಿ, ಬಟರ್ ಪೇಪರ್ ಮೇಲೆ ಚಮಚದಲ್ಲಿ ಗುಪ್ಪೆ ಗುಪ್ಪೆಯಾಗಿ ಹಾಕಿ, ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡಿ, ಆಮೇಲೆ ಕರಗಿಸಿದ ಚಾಕೊಲೇಟ್‌ನಲ್ಲಿ ಅದ್ದಿ ತೆಗೆಯುವುದು. ಪರದೇಶದಲ್ಲಿ ಇದಕ್ಕೆ ಸ್ಟ್ರಾಬೆರಿ ಹಾಕುತ್ತಾರೆ. ನಂದಿ ಬೆಟ್ಟದ ತಪ್ಪಲಲ್ಲಿ ಕೂತು ನಾನು ಸ್ಟ್ರಾಬೆರಿ ಯಾಕೆ ಹುಡುಕಲಿ? ದ್ರಾಕ್ಷಿ ಹಾಕಿದೆ. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೆ ಸಿಪ್ಪೆ ದಪ್ಪ, ಬೀಜವೂ ಇದೆ. ಸೀಳಿ ಬೀಜ ತೆಗೆಯುವ ಕೆಲಸ ಜಾಸ್ತಿ. ಆದರೆ ಆ ಘಮ ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಬರುವುದಿಲ್ಲ. ಶ್ರೀನಿವಾಸಪುರದ ಮಾವು ಬರುವ ಹೊತ್ತಿಗೆ ದ್ರಾಕ್ಷಿಯ ಜಾಗಕ್ಕೆ ಮಾವು.

ಹಾಳೆಯಲ್ಲಿ ನಾನು ಬರೆದ ಒಂದು ಸಾಲು ಹೀಗಿತ್ತು: ‘ಗುಪ್ಪೆಗಳನ್ನು ಹಾಕಿ, ತಟ್ಟೆ ಮುಚ್ಚಿ, ರಾತ್ರಿಯಿಡೀ ಹೆಪ್ಪುಗಟ್ಟಲು ಬಿಡಿ.’

ಶಿಡ್ಲಘಟ್ಟದಲ್ಲಿರುವ ನನ್ನ ನಾದಿನಿಗೂ ಹಾಳೆಯ ಫೋಟೊ ಕಳಿಸಿದ್ದೆ. ಮಾರನೇ ದಿನ ಬೆಳಿಗ್ಗೆ ಅವಳ ಫೋನ್ ಬಂತು. ‘ಅತ್ತಿಗೆ, ಇದು ಹೀಗೇ ಇರಬೇಕಾ?’ ಎಂದು ವಿಡಿಯೊ ಕರೆಯಲ್ಲಿ ತಟ್ಟೆ ತೋರಿಸಿದಳು. ಗುಪ್ಪೆಗಳು ಒಂದಕ್ಕೊಂದು ಸೇರಿ ಹರಡಿಕೊಂಡಿದ್ದವು. ಸುತ್ತ ನೇರಳೆ ಬಣ್ಣದ ನೀರು. ಬಟರ್ ಪೇಪರ್ ನೆನೆದು ತಟ್ಟೆಗೆ ಅಂಟಿತ್ತು. ಚಮಚ ತೂರಿಸಿ ಎತ್ತಿದರೆ ದ್ರಾಕ್ಷಿ ಚೂರು ಜಾರಿ ಬಿತ್ತು. ‘ಹುಳಿ ವಾಸನೆ ಬರ್ತಾ ಇದೆ’ ಅಂದಳು. ಎಲ್ಲಿಟ್ಟಿದ್ದೆ ಎಂದು ಕೇಳಿದೆ. ‘ಒಲೆ ಪಕ್ಕ, ಬೆಚ್ಚಗಿರೋ ಕಡೆ. ಅತ್ತೆ ದಿನಾ ಹೆಪ್ಪು ಹಾಕಿ ಅಲ್ಲೇ ಇಡೋದು. ನೀವೇ ಹೆಪ್ಪುಗಟ್ಟೋಕೆ ಬಿಡಿ ಅಂತ ಬರೆದಿದ್ದೀರಲ್ಲ?’

ಅವಳು ಓದಿದ್ದು ಸರಿ. ಬರೆದದ್ದು ತಪ್ಪು. ಫ್ರೀಜರ್ ಎಂಬ ಮಾತು ಆ ಸಾಲಿನಲ್ಲೇ ಇರಲಿಲ್ಲ. ‘ಹೆಪ್ಪುಗಟ್ಟು’ ಎಂದ ಮೇಲೆ ಫ್ರೀಜರ್ ಅದರೊಳಗೇ ಇದೆ ಎಂದು ನಾನು ಅಂದುಕೊಂಡಿದ್ದೆ. ಪತ್ರಿಕೆಯಲ್ಲಿ ‘ದಾಲ್ ಸರೋವರ ಹೆಪ್ಪುಗಟ್ಟಿತು’ ಎಂದು ಓದಿ ಓದಿ ನನ್ನ ತಲೆಯಲ್ಲಿ ಆ ಪದ ಚಳಿಯ ಕಡೆಗೆ ಹೋಗಿಬಿಟ್ಟಿದೆ. ಅವಳ ಅತ್ತೆಯ ಕೈಯಲ್ಲಿ ಅದು ಇನ್ನೂ ಬಿಸಿಯ ಕಡೆಗೇ ಇದೆ.

ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಹೆಪ್ಪು ಎಂದರೆ ಮೊದಲಿಗೆ ಹಾಲಿಗೆ ಬಿಡುವ ಆ ಒಂದು ಚಮಚ ಮೊಸರು. ‘ಹೆಪ್ಪು ಹಾಕಿದ್ಯಾ?’, ‘ಪಕ್ಕದ ಮನೆಯಿಂದ ಒಂಚೂರು ಹೆಪ್ಪು ಇಸ್ಕೊಂಡು ಬಾ’. ಹಳಗನ್ನಡದಲ್ಲಿ ಇದು ಪೆರ್ಪು. ಪಾಲು ಹಾಲಾದ ಹಾಗೆ ಪೆರ್ಪು ಹೆಪ್ಪಾಗಿದೆ. ತೆಲುಗಿನ ಪೆರುಗು, ಅಂದರೆ ಮೊಸರು, ಇದರ ನೆಂಟನೇ. ಪದದ ಬೇರಿನಲ್ಲೇ ಮೊಸರಿದೆ. ಅದರಿಂದ ಬಂದ ‘ಹೆಪ್ಪುಗಟ್ಟು’ ಈಗ ರಕ್ತಕ್ಕೂ ಆಯಿತು, ಕೆರೆ ನೀರಿಗೂ ಆಯಿತು. ಮೊಸರಿಗೆ ಹಾಗೇ ಉಳಿದುಕೊಂಡಿದೆ. ಬೇರೆ ಎಲ್ಲ ಕಡೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು. ಕೆರೆಗೆ ಯಾರೂ ಹೆಪ್ಪು ಹಾಕುವುದಿಲ್ಲ. ಮೊಸರಿನ ವಿಷಯದಲ್ಲಿ ಮಾತ್ರ ಎರಡು ಅರ್ಥವೂ ಒಂದೇ ಪಾತ್ರೆಯಲ್ಲಿ ಕೂತುಬಿಡುತ್ತವೆ. ‘ಹೆಪ್ಪುಗಟ್ಟಿದ ಮೊಸರು’ ಎಂದರೆ ಚೆನ್ನಾಗಿ ಗಟ್ಟಿಯಾದ ಮೊಸರೋ, ಐಸ್ ಆದ ಮೊಸರೋ?

ಎರಡೂ ಕೆಲಸಗಳು ಒಂದಕ್ಕೊಂದು ತಿರುವುಮುರುವು. ಹಾಲು ಮೊಸರಾಗಲು ಬೆಚ್ಚಗಿರಬೇಕು. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಹುಳಿ ಮಾಡುತ್ತದೆ, ಆ ಹುಳಿಗೆ ಹಾಲಿನ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಬಲೆಯ ಹಾಗಾಗುತ್ತದೆ, ನೀರು ಅದರೊಳಗೆ ನಿಲ್ಲುತ್ತದೆ. ಚಳಿಗಾಲದಲ್ಲಿ ಹೆಪ್ಪು ಹಾಕಿದ ಪಾತ್ರೆಗೆ ಬಟ್ಟೆ ಸುತ್ತಿಡುವುದು ಇದಕ್ಕೇ ಅಲ್ವಾ? ಫ್ರೀಜರ್‌ನಲ್ಲಿ ಆಗುವುದು ಬೇರೆ. ಅಲ್ಲಿ ಮೈನಸ್ 18 ಡಿಗ್ರಿ ಇರುತ್ತದೆ. ಮೊಸರಿನೊಳಗಿನ ನೀರು ಹರಳಾಗುತ್ತದೆ. ಬ್ಯಾಕ್ಟೀರಿಯಾ ಬಹುಪಾಲು ಸಾಯದೆ ಸುಮ್ನೆ ಮಲಗಿಬಿಡುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಎಂದು ನಾನು ಒತ್ತಿ ಬರೆದದ್ದೂ ಈ ಹರಳಿನ ಕಾರಣಕ್ಕೇ. ನೀರು ಜಾಸ್ತಿ ಇದ್ದಷ್ಟೂ ಹರಳು ದೊಡ್ಡದು, ಕಚ್ಚಿದರೆ ಐಸ್ ಪುಡಿ ಜಗಿದ ಹಾಗೆ. ನೀರಿಳಿದಿದ್ದರೆ ನಯವಾಗಿರುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಐಸ್ ಆದದ್ದು ಹೊರಗಿಟ್ಟರೆ ಮತ್ತೆ ನೀರಾಗುತ್ತದೆ. ಮೊಸರು ಮತ್ತೆ ಹಾಲಾಗುವುದಿಲ್ಲ. ಹಿಂದಿರುಗಿ ಬರುವ ಬದಲಾವಣೆಗೂ ಬಾರದ ಬದಲಾವಣೆಗೂ ಒಂದೇ ಕ್ರಿಯಾಪದ ಹೇಗೆ ಸಾಕಾದೀತು?

ಅಕ್ಕಪಕ್ಕದ ಭಾಷೆಗಳಲ್ಲಿ ಏನು ಮಾಡಿದ್ದಾರೆ ಎಂದು ನೋಡಿದೆ. ನಮ್ಮ ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಮಾತು ತೆಲುಗು ಇರುವವರು ಬಹಳ. ಅವರು ಹೆಪ್ಪಿಗೆ ‘ತೋಡು’ ಅನ್ನುತ್ತಾರೆ, ಹಾಲು ಮೊಸರಾದರೆ ‘ತೋಡುಕುಂದಿ’. ಐಸ್ ಆದರೆ ‘ಗಡ್ಡ ಕಟ್ಟಿಂದಿ’. ಎರಡು ಕೆಲಸ, ಎರಡು ಮಾತು. ಆದರೆ ಗಟ್ಟಿ ಮೊಸರಿಗೆ ‘ಗಡ್ಡ ಪೆರುಗು’ ಎನ್ನುವುದರಿಂದ ಅಲ್ಲೂ ಒಂದಿಷ್ಟು ಬೆರಕೆ ಇದೆ. ತಮಿಳಿನಲ್ಲಿ ನಮ್ಮದೇ ಕತೆ. ಅವರ ‘ಉರೈ’ ಹಾಲಿಗೂ ಹೌದು, ಐಸಿಗೂ ಹೌದು. ಹೆಪ್ಪು ಹಾಕುವ ಮಜ್ಜಿಗೆಯೂ ಉರೈ, ಕೊರೆಯುವ ಹಿಮವೂ ‘ಉರೈಪನಿ’. ಹಾಗಾಗಿ ಕನ್ನಡದಲ್ಲಿ ಅರ್ಥ ಹಿಗ್ಗಿದ್ದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸರೋವರ ಹೆಪ್ಪುಗಟ್ಟಲಿ. ಅಡುಗೆ ಹಾಳೆಯಲ್ಲಿ ಮಾತ್ರ ಅದು ನಡೆಯುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ‘ಘನೀಕರಿಸಿ’ ಎಂದು ಬರೆದರೆ ನಾದಿನಿಯ ಅತ್ತೆ ಹಾಳೆ ಮಡಿಸಿ ಇಡುತ್ತಾರೆ. ‘ಶೈತ್ಯೀಕರಿಸಿ’ ಎಂದರೆ ತಣ್ಣಗೆ ಮಾಡುವುದೋ ಕಲ್ಲು ಮಾಡುವುದೋ ಗೊತ್ತಾಗುವುದಿಲ್ಲ. ‘ಮರಗಟ್ಟು’ ಚಂದದ ಪದ, ಆದರೆ ಅದು ಚಳಿಗೆ ಸ್ಪರ್ಶ ತಪ್ಪಿದ ಕೈಬೆರಳಿನದು, ತಿನ್ನುವ ವಸ್ತುವಿಗೆ ಒಗ್ಗುವುದಿಲ್ಲ. ‘ಗಡ್ಡೆ ಕಟ್ಟು’ ತೆಲುಗಿಗೆ ಹತ್ತಿರ, ಮಂಜುಗಡ್ಡೆಯೂ ನಮ್ಮಲ್ಲಿದೆ. ಆದರೆ ಕನ್ನಡದಲ್ಲಿ ಗಡ್ಡೆ ಎಂದಾಗ ಆಲೂಗಡ್ಡೆ ನೆನಪಾಗುತ್ತದೆ, ಇಲ್ಲವೇ ಆಸ್ಪತ್ರೆ. ‘ಮಂಜುಗಟ್ಟು’ ನನಗೆ ಇಷ್ಟ. ನಂದಿ ಬೆಟ್ಟದ ಮಂಜು ಕಣ್ಣಿಗೆ ಬರುತ್ತದೆ ಎಂಬುದೇ ಅದರ ತೊಡಕು. ಅದು ಹೊಗೆಯಂತೆ ತೇಲುವ ಮಂಜು, ಗಟ್ಟಿಯಾಗುವುದಲ್ಲ.

ಜನ ನಿಜವಾಗಿ ಆಡುವ ಮಾತು ಎರಡು. ‘ಐಸ್ ಆಗಿದೆ’, ‘ಕಲ್ಲಾಗಿದೆ’. ಹಾಲಿನ ಪ್ಯಾಕೆಟ್ ತಪ್ಪಿ ಮೇಲಿನ ಖಾನೆಯಲ್ಲಿ ಉಳಿದರೆ ನಮ್ಮ ಮನೆಯಲ್ಲಿ ‘ಅಯ್ಯೋ, ಹಾಲು ಕಲ್ಲಾಗಿದೆ’ ಎನ್ನುತ್ತೇವೆ. ಯಾರೂ ‘ಹೆಪ್ಪುಗಟ್ಟಿದೆ’ ಅನ್ನುವುದಿಲ್ಲ, ಹಾಗೆ ಹೇಳಿದರೆ ಮೊಸರಾಗಿದೆ ಎಂದೇ ಅರ್ಥ. ಅದಕ್ಕೇ ಹಾಳೆಯನ್ನು ಹೀಗೆ ತಿದ್ದಿದೆ: ‘ಫ್ರಿಜ್‌ನಲ್ಲಿ ಐಸ್ ಬರುವ ಮೇಲಿನ ಖಾನೆಯಲ್ಲಿ, ಗುಪ್ಪೆ ಕಲ್ಲಾಗುವವರೆಗೆ ಇಡಿ.’ ಇಲ್ಲಿ ಫ್ರಿಜ್, ಫ್ರೀಜರ್ ಎರಡಕ್ಕೂ ಫ್ರಿಜ್ ಎಂದೇ ಹೇಳುವವರು ಜಾಸ್ತಿ. ಬರೀ ‘ಫ್ರಿಜ್‌ನಲ್ಲಿಡಿ’ ಎಂದಿದ್ದರೆ ಕೆಳಗಿನ ಖಾನೆಯಲ್ಲಿಟ್ಟು ಇನ್ನೊಂದು ರಾತ್ರಿ ಹಾಳಾಗುತ್ತಿತ್ತು.

ಈಗ ಚಾಕೊಲೇಟ್‌ಗೆ ಬರುತ್ತೇನೆ. ನಾನು ಮುಖ್ಯವಾಗಿ ಕೇಳಬೇಕೆಂದಿದ್ದು ಇದನ್ನೇ.

ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಕರಗಿಸುತ್ತೇವೆ. ಒಂದು ಚಮಚ ಕೊಬ್ಬರಿ ಎಣ್ಣೆ ಸೇರಿಸುತ್ತೇವೆ, ನಾನು ಬಳಸಿದ್ದು ತಿಪಟೂರಿನ ಕೊಬ್ಬರಿಯದು. ಎಣ್ಣೆ ಸೇರಿದರೆ ಚಾಕೊಲೇಟ್ ತೆಳುವಾಗಿ ಹಿಡಿಯುತ್ತದೆ. ಬೋಗುಣಿ, ಚಮಚ ಎರಡೂ ಒಣಗಿರಬೇಕು. ಒಂದೆರಡು ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟು ಕಟ್ಟಿಕೊಂಡು ಮಣ್ಣಿನ ಹಾಗಾಗುತ್ತದೆ. ರಾಗಿ ಗಂಜಿಗೆ ಬಳಸುವ ‘ಗಂಟು ಕಟ್ಟು’ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ, ಬೇರೆ ಪದ ಬೇಡ. ಕಲ್ಲಾದ ಮೊಸರಿನ ಗುಪ್ಪೆಯನ್ನು ಆ ಚಾಕೊಲೇಟ್‌ನಲ್ಲಿ ಅದ್ದಿ ಎತ್ತಿದ ಕೂಡಲೇ ನೋಡಬೇಕು. ಮೊದಲು ಕನ್ನಡಿಯ ಹಾಗೆ ಹೊಳೆಯುತ್ತದೆ. ನಾಲ್ಕು ಎಣಿಸುವಷ್ಟರಲ್ಲಿ ಅಂಚಿನಿಂದ ಹೊಳಪು ಇಳಿಯುತ್ತಾ ಬಂದು ಪೂರ್ತಿ ಮಬ್ಬಾಗುತ್ತದೆ. ಉಗುರಿನಿಂದ ತಟ್ಟಿದರೆ ಟಕ್ ಎನ್ನುತ್ತದೆ.

ಆ ಹೊಳಪು ಇಳಿಯುವ ಕ್ಷಣಕ್ಕೆ ಕನ್ನಡದಲ್ಲಿ ಏನನ್ನಬೇಕು? ಇದು ಐಸ್ ಆಗುವುದಲ್ಲ, ಚಾಕೊಲೇಟ್‌ನಲ್ಲಿ ನೀರಿಲ್ಲ. ಮೊಸರಾಗುವುದಂತೂ ಅಲ್ಲ. ಇಲ್ಲಿ ಗಟ್ಟಿಯಾಗುವುದು ಜಿಡ್ಡು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತವೆ. ಅದಕ್ಕಿಂತ ತಣ್ಣಗಾದರೆ ಗಟ್ಟಿ. ತುಪ್ಪ ಗಟ್ಟಿಯಾಗುವುದೂ ಹೀಗೇ.

ತುಪ್ಪಕ್ಕೆ ನಮ್ಮಲ್ಲಿ ಪದ ಇದೆ. ‘ಹೆರೆ’. ಹೆರೆತುಪ್ಪ ಎಂದರೆ ಗಟ್ಟಿಯಾಗಿ ಕೂತ ತುಪ್ಪ. ನಮ್ಮಜ್ಜಿ ಚಳಿಗಾಲದ ಬೆಳಿಗ್ಗೆ ಎಣ್ಣೆ ಸೀಸೆ ಎತ್ತಿ ನೋಡಿ ‘ಹೆತ್ತುಕೊಂಡಿದೆ, ಬಿಸಿಲಿಗಿಡು’ ಅನ್ನುತ್ತಿದ್ದರು, ಗಟ್ಟಿಯಾಗಿದೆ ಎಂಬ ಅರ್ಥದಲ್ಲಿ. ನಾನು ಅದನ್ನು ಮರೆತೇಬಿಟ್ಟಿದ್ದೆ. ಚಾಕೊಲೇಟ್ ಮಬ್ಬಾಗುವುದನ್ನು ನೋಡುತ್ತಾ ನಿಂತಿದ್ದಾಗ ಆ ಮಾತು ತಾನಾಗಿ ಬಾಯಿಗೆ ಬಂತು. ಎಷ್ಟು ಖುಷಿಯಾಯಿತು ಎಂದರೆ ಒಲೆ ಆರಿಸಿ ಮೊದಲು ಅದನ್ನು ಬರೆದಿಟ್ಟುಕೊಂಡೆ. ಹಾಲಿಗೆ ಹೆಪ್ಪು, ನೀರಿಗೆ ಕಲ್ಲು, ಜಿಡ್ಡಿಗೆ ಹೆರೆ. ಒಂದೇ ತಿನಿಸಿನಲ್ಲಿ ಮೂರು ಬಗೆಯ ಗಟ್ಟಿಯಾಗುವಿಕೆ ಇದೆ, ಮೂರಕ್ಕೂ ಮನೆಯಲ್ಲೇ ಮಾತಿದೆ. ಬರೆಯಲು ಕೂತಾಗ ಮೂರನ್ನೂ ‘ಹೆಪ್ಪುಗಟ್ಟು’ ಒಂದಕ್ಕೇ ತುರುಕುತ್ತಿದ್ದೇವೆ.

ಆದರೂ ಹಾಳೆಗೆ ಹಾಕಲು ಕೈ ಹಿಂದೆ ಸರಿಯುತ್ತಿದೆ. ‘ಚಾಕೊಲೇಟ್ ಹೆತ್ತುಕೊಳ್ಳುವವರೆಗೆ’ ಎಂದು ಬರೆದರೆ ಈಗಿನ ಹುಡುಗಿಯರಿಗೆ ‘ಹೆತ್ತ ತಾಯಿ’ಯ ಹೆರು ನೆನಪಾಗುತ್ತದೆ. ‘ಹೆರೆಯುವವರೆಗೆ’ ಎಂದರೆ ಮಲೆನಾಡು, ಕರಾವಳಿಯವರು ಹೆರೆಮಣೆಯಲ್ಲಿ ಕಾಯಿ ಹೆರೆದದ್ದು ಎಂದುಕೊಳ್ಳಬಹುದು. ನಮ್ಮ ಕಡೆ ಕಾಯಿ ತುರಿಯುತ್ತೇವೆ, ಹಾಗಾಗಿ ಇಲ್ಲಿ ಆ ಗೊಂದಲವಿಲ್ಲ. ಸದ್ಯಕ್ಕೆ ‘ಚಾಕೊಲೇಟ್ ತುಪ್ಪದ ಹಾಗೆ ಹೆರೆಯಲು ಬಿಡಿ’ ಎಂದು ಬರೆದಿದ್ದೇನೆ. ತುಪ್ಪ ಪಕ್ಕದಲ್ಲಿದ್ದರೆ ಪದ ಗೊತ್ತಿಲ್ಲದವರಿಗೂ ದಾರಿ ಸಿಗುತ್ತದೆ ಎಂಬ ನಂಬಿಕೆ.

ಇನ್ನೊಂದು ಚಿಕ್ಕ ವಿಷಯ. ತಲೆಬರಹದಲ್ಲಿ ಮೊದಲು ‘ಆರೋಗ್ಯಕರ ತಿಂಡಿ’ ಎಂದು ಹಾಕಿದ್ದೆ. ಎರಡನ್ನೂ ತೆಗೆದೆ. ತಿಂಡಿ ಎಂದರೆ ನಮ್ಮಲ್ಲಿ ಬೆಳಗಿನ ಇಡ್ಲಿ, ಉಪ್ಪಿಟ್ಟು. ‘ಆರೋಗ್ಯಕರ’ ಎಂದರೆ ತಿಂದರೆ ಆರೋಗ್ಯ ಬರುತ್ತದೆ ಎಂದಾಗುತ್ತದೆ, ಚಾಕೊಲೇಟ್ ಬಗ್ಗೆ ಆ ಮಾತು ಹೇಳಲು ನನಗೆ ಮನಸ್ಸಿಲ್ಲ. 70 ಶೇಕಡಾ ಕೋಕೋ ಇರುವ ಕಪ್ಪು ಚಾಕೊಲೇಟ್‌ನಲ್ಲೂ ಸಕ್ಕರೆ ಇದೆ, ಜಿಡ್ಡು ಬೇಕಾದಷ್ಟಿದೆ. ಇದರಲ್ಲಿ ಕ್ರೀಮ್ ಇಲ್ಲ, ಸಿಹಿ ಬಹುಪಾಲು ಹಣ್ಣಿನದೇ, ಗಟ್ಟಿ ಮೊಸರಿನ ಪ್ರೋಟೀನ್ ಸಿಗುತ್ತದೆ, ಚಾಕೊಲೇಟ್ ತೆಳುವಾಗಿ ಹೊರಗಷ್ಟೇ ಇದೆ. ಅದಕ್ಕೆ ನಮ್ಮ ಹಳೇ ಮಾತು ‘ವಾಸಿ’ ಸಾಕು. ‘ಐಸ್ ಕ್ರೀಮ್‌ಗಿಂತ ವಾಸಿ’. ಹೋಲಿಕೆ ಆ ಪದದೊಳಗೇ ಇದೆ, ಇಲ್ಲದ್ದನ್ನು ಹೊಗಳುವುದಿಲ್ಲ. ಹೆಸರು ‘ಹಣ್ಣು ಮೊಸರಿನ ಬಿಲ್ಲೆ’ ಎಂದು ಇಟ್ಟಿದ್ದೇನೆ. ಬೆಲ್ಲದ ಬಿಲ್ಲೆ, ಕರ್ಪೂರದ ಬಿಲ್ಲೆ ಇದ್ದ ಹಾಗೆ. (ಪುಟ್ಟ ಮಕ್ಕಳಿಗೆ ಕೊಡುವವರು ದ್ರಾಕ್ಷಿಯನ್ನು ಇಡಿಯಾಗಿ ಹಾಕಬೇಡಿ, ಉದ್ದಕ್ಕೆ ಸೀಳಿ ಸಣ್ಣಗೆ ಹೆಚ್ಚಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇರುತ್ತದೆ.)

ನನ್ನ ಪ್ರಶ್ನೆಗಳು ಇವು. ನಿಮ್ಮ ಮನೆಯಲ್ಲಿ ತುಪ್ಪ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾದಾಗ ಏನನ್ನುತ್ತೀರಿ? ಹೆರೆ, ಹೆತ್ತು, ಇಲ್ಲಾ ಬೇರೆಯದೇ? ಯಾವ ಊರು, ಯಾರ ಬಾಯಲ್ಲಿ ಕೇಳಿದ್ದು ಎಂದೂ ಬರೆಯಿರಿ. ತುಮಕೂರು, ಕೋಲಾರದವರು ಖಂಡಿತ ಹೇಳಬೇಕು, ನಮ್ಮದೂ ಸೇರಿ ಮೂರೂ ಕಡೆ ಒಂದೇ ಮಾತು ಇದೆಯೋ ಎಂದು ನೋಡುವ ಆಸೆ. ಹೆಪ್ಪು ಹಾಕಿದ್ದು ಸರಿಯಾಗಿ ಆಗಿದೆ ಎನ್ನಲು ‘ಹೆಪ್ಪುಗಟ್ಟಿದೆ’ ಬಿಟ್ಟು ಬೇರೆ ಮಾತು ಬಳಸುವವರಿದ್ದರೆ ಅದನ್ನೂ ತಿಳಿಸಿ.

ಮುಂದಿನ ಹಾಳೆ ಅಚ್ಚಿಗೆ ಹೋಗುವುದು ಬರುವ ಸೋಮವಾರ. ನಾದಿನಿ ಈ ಸಲ ಮಾವಿನಹಣ್ಣು ಹಾಕಿ ಮಾಡಿ, ಮೇಲಿನ ಖಾನೆಯಲ್ಲಿಟ್ಟು, ರಾತ್ರಿಯೇ ಫೋಟೊ ಕಳಿಸಿದ್ದಾಳೆ. ಕೆಳಗೆ ‘ಕಲ್ಲಾಗಿದೆ ಅತ್ತಿಗೆ’ ಎಂದು ಬರೆದಿದ್ದಾಳೆ.