ಓವನ್ನು ಇಟ್ಟಿದ್ದಕ್ಕಿಂತ ಜಾಸ್ತಿ ಕಾಯ್ತಿದೆ, ಅನುಭವ ಇರೋರು ಹೇಳಿ

ಕರಕಲು_ತಳ:
ನಮಸ್ಕಾರ. ಮನೇಲಿರೋ ಕರೆಂಟ್ ಓವನ್ನು, ಬಟನ್ ಒತ್ತಿ ಡಿಗ್ರಿ ಇಡೋದು, ಏಳು ವರ್ಷದ್ದು. ಒಂದು ತಿಂಗಳಿಂದ 180 ಇಟ್ರೆ ಒಳಗಿಟ್ಟಿರೋ ಥರ್ಮಾಮೀಟರು 235ಕ್ಕೆ ಹೋಗಿ ಅಲ್ಲೇ ಕೂತ್ಕೊಳ್ಳತ್ತೆ. ಕೇಕು ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಬಿಸಿ ಅಳೆಯೋ ಸೆನ್ಸರ್ರಾ, ಅದನ್ನ ನೋಡ್ಕೊಂಡು ಕಾಯಿಲ್ ಆನ್ ಆಫ್ ಮಾಡೋ ಬೋರ್ಡಾ, ಇನ್ನೇನಾದ್ರೂನಾ? ನಿಮಗೆ ಹಿಂಗಾದಾಗ ಏನ್ ಮಾಡಿದ್ರಿ?

ಎರಡು_ಬೋರ್ಡು:
ಅಯ್ಯೋ ಕೇಳ್ಬೇಡಿ. ರಿಪೇರಿಯವ್ನು ಬಂದ, ಸೆನ್ಸರ್ ವೈರಿಗೆ ಮೀಟರ್ ಹಿಡ್ದ, ಸುಮಾರು ಒಂದು ಲಕ್ಷ ಓಮ್ ತೋರಿಸ್ತು, ಸೆನ್ಸರ್ ಸರಿಯಿದೆ ಬೋರ್ಡ್ ಹೋಗಿದೆ ಅಂದ. ಬೋರ್ಡ್ ಬರೋಕೆ ಹತ್ತೊಂಬತ್ತು ದಿನ. ಅದರ ದುಡ್ಡು ಹೊಸ ಓವನ್ನಿನ ಅರ್ಧದಷ್ಟು, ಬಂದು ನೋಡಿದ್ದಕ್ಕೆ ಬೇರೆ, ಎರಡ್ನೇ ಸಲ ಬಂದಿದ್ದಕ್ಕೆ ಮತ್ತೆ ಬೇರೆ. ಹಾಕಿದ್ಮೇಲೂ ಅದೇ ಸುಡೋದು. ಪೀಸೇ ಡಿಫೆಕ್ಟು ಅಂತ ಇನ್ನೊಂದು ತರಿಸ್ದ, ಮತ್ತೆ ಹನ್ನೊಂದು ದಿನ, ಸಾಗಾಟದ ಖರ್ಚು ನನ್ನ ತಲೆಗೆ. ಕೊನೆಗೆ ನಾನೇ ಮೇನ್ ಆಫ್ ಮಾಡಿ ಹಿಂದಿನ ತಗಡು ಬಿಚ್ಚಿದ್ರೆ ಸೆನ್ಸರ್ ಕನೆಕ್ಟರಿನ ಒಂದು ಪಿನ್ನು ಹಸಿರುಗಟ್ಟಿ ಕೂತಿತ್ತು. ಆ ಕಿಲುಬೇ ಬೋರ್ಡಿಗೆ ಸುಳ್ಳು ಹೇಳ್ತಿದ್ದಿದ್ದು. ಕನೆಕ್ಟರ್ ಬದಲಾಯ್ಸಿದೆ, ಮುಗೀತು. ಬೋರ್ಡ್ ಬಂದಿತ್ತಲ್ಲ, ಆ ರಟ್ಟಿನ ಡಬ್ಬದಷ್ಟೂ ಬೆಲೆಯಿಲ್ಲ ಅದಕ್ಕೆ.

ಮೀಟರ್_ಮಾವ:
ತಪ್ಪು ಮಾಹಿತಿ ಸರ್. ಕಿಲುಬು ಹಿಡಿದ್ರೆ ಓಮ್ ಜಾಸ್ತಿ ಆಗತ್ತೆ, ಜಾಸ್ತಿ ಆದ್ರೆ ಬೋರ್ಡು ಒಳಗೆ ಸಿಕ್ಕಾಪಟ್ಟೆ ಬಿಸಿ ಇದೆ ಅಂದ್ಕೊಂಡು ಬೇಗ ಆಫ್ ಮಾಡತ್ತೆ. ಓವನ್ನು ತಣ್ಣಗಾಗ್ಬೇಕು, ಸುಡಬಾರದು! ನಂದು ಪ್ಲಾಟಿನಂ ಸೆನ್ಸರ್, 0 ಡಿಗ್ರಿಗೆ 1000 ಓಮ್, 25ಕ್ಕೆ 1097, 180ಕ್ಕೆ 1685ರ ಹತ್ರ. ಅದರ ವೈರ್ ಜಾಯಿಂಟ್ ಕೆಟ್ಟು ಒಂದೂವರೆ ವರ್ಷ ಬ್ರೆಡ್ಡು ಹಸಿಹಸಿ. ಈಸ್ಟ್ ಹಳೇದು ಅಂತ ನಾನು, ಹಿಟ್ಟು ನಾದೋಕೆ ಬರಲ್ಲ ಅಂತ ಮನೆಯವಳು, ಎಷ್ಟು ಜಗಳ ಆಗಿದೆ ಗೊತ್ತಾ.

ಎರಡು_ಬೋರ್ಡು:
ಒಂದು ಲಕ್ಷ ಓಮ್ ಅಂತ ಬರ್ದಿದೀನಲ್ಲ, ಓದಿಲ್ವಾ? ನಂದು ನಿಮ್ಮ ಪ್ಲಾಟಿನಂ ಅಲ್ಲ, ಎನ್‌ಟಿಸಿ ಥರ್ಮಿಸ್ಟರ್. ಬಿಸಿಯಾದಷ್ಟೂ ಓಮ್ ಇಳಿಯತ್ತೆ. 180ರ ಹತ್ರ ಸಾವಿರದ ಚಿಲ್ರೆಗೆ ಇಳ್ದಾಗ ಕಿಲುಬಿಂದು ಒಂದು ಐನೂರು ಸೇರ್ಕೊಂಡ್ರೆ ಬೋರ್ಡಿಗೆ ಇನ್ನೂ ಕಾದಿಲ್ಲ ಅನ್ಸತ್ತೆ. ತಣ್ಣಗಿರೋವಾಗ ಲಕ್ಷದಲ್ಲಿ ಐನೂರು ಯಾರ ಮೀಟರಿಗೆ ಕಾಣತ್ತೆ? ಅಲ್ಲೇ ಏಮಾರಿದ್ದು ನಾವು.

ಮೀಟರ್_ಮಾವ:
ಎನ್‌ಟಿಸಿ ಅಂತ ಮೊದ್ಲೇ ಹೇಳ್ಬೇಕಿತ್ತು. ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ.

ಗುಂಡಿ_ತಿರುಗ್ಸೋಳು:
ಬಟನ್ ಓವನ್ ತಗೊಂಡೋರಿಗೆಲ್ಲ ಇದೇ ಗೋಳು. ನಂದು ಗುಂಡಿ ತಿರುಗ್ಸೋದು, ಹದಿನಾಲ್ಕು ವರ್ಷ. ಕೆಟ್ಟಿದ್ದು ಒಂದೇ ಸಲ, ಅದೂ ನನ್ನಿಂದಾನೇ. ಥರ್ಮೋಸ್ಟಾಟಿಂದ ದಾರದಷ್ಟು ಸಣ್ಣ ಕೊಳವೆ ಒಳಗೆ ಬಂದಿರತ್ತೆ, ತುದೀಲಿ ಪೆನ್ಸಿಲ್ ತುಂಡಿನ ಥರ ಬಲ್ಬು, ಅದರೊಳಗಿನ ದ್ರವ ಬಿಸಿಗೆ ಹಿಗ್ಗಿ ಸ್ವಿಚ್ ತಳ್ಳತ್ತೆ. ನಾನು ಗಸಗಸ ಉಜ್ಜಿ ತೊಳೆಯೋವಾಗ ಕೊಳವೆ ಮಡಚಿ ಬಿರುಕು ಬಿಟ್ಟಿದೆ, ದ್ರವ ಪೂರ್ತಿ ಸೋರಿಹೋಗಿದೆ. ತಳ್ಳೋಕೆ ಏನೂ ಇಲ್ಲ ಅಂದ್ಮೇಲೆ ಸ್ವಿಚ್ ಆಫ್ ಆಗೋದ್ಹೇಗೆ? ಕಾಯ್ತಾನೇ ಹೋಯ್ತು, ಬಾಗಿಲ ಗಾಜಿನ ಹತ್ರ ಕೈ ಹಿಡಿಯೋಕಾಗ್ಲಿಲ್ಲ, ಕೊನೆಗೆ ಹಿಂದುಗಡೆ ಇರೋ, ಅತಿ ಬಿಸಿಯಾದ್ರೆ ಕರೆಂಟ್ ಕಡಿಯೋ ಥರ್ಮಲ್ ಕಟ್‌ಔಟ್ ಟಪ್ ಅಂತ ಬಿದ್ದು ಉಳ್ಕೊಂಡ್ವಿ. ಥರ್ಮೋಸ್ಟಾಟ್ ಹೊಸದು ಹಾಕಿಸ್ದೆ, ಅರ್ಧ ಗಂಟೆ ಕೆಲ್ಸ. ಈಗ ಆ ಮೂಲೆಗೆ ಬ್ರಷ್ ಮುಟ್ಸಲ್ಲ, ಜಿಡ್ಡು ಇದ್ರೆ ಇರ್ಲಿ.

ನೇರ_ವೈರು:
ನಂದೂ ಕಟ್‌ಔಟ್ ಬೀಳ್ತಾನೇ ಇತ್ತು. ಎರಡು ವೈರ್ ಸೇರ್ಸಿ ಟೇಪ್ ಸುತ್ತಿದೆ, ಆಮೇಲೆ ಒಂದು ದಿನಾನೂ ನಿಂತಿಲ್ಲ. ಖರ್ಚು ಸೊನ್ನೆ.

ಗುಂಡಿ_ತಿರುಗ್ಸೋಳು:
ಏನ್ರೀ ಇದು, ತಮಾಷೆನಾ? ಅದನ್ನ ನೋಡಿ ಇನ್ಯಾರೋ ಮಾಡಿ ಮನೆ ಸುಟ್ಕೊಂಡ್ರೆ? ಕಟ್‌ಔಟ್ ಬೀಳ್ತಿದೆ ಅಂದ್ರೆ ಕೂಲಿಂಗ್ ಫ್ಯಾನ್ ನಿಂತಿರ್ಬಹುದು, ಇಲ್ಲಾ ಥರ್ಮೋಸ್ಟಾಟ್ ಕೆಲ್ಸ ಮಾಡ್ತಿಲ್ಲ. ಅಷ್ಟು ಬಿಸೀಲಿ ಟೇಪ್ ಕರಗಿ ಹೋಗತ್ತೆ, ಆಮೇಲೆ ಬರೀ ವೈರು ತಗಡಿಗೆ ತಾಗತ್ತೆ. ದಯವಿಟ್ಟು ಡಿಲೀಟ್ ಮಾಡಿ.

ನೇರ_ವೈರು:
ಮೂರು ವರ್ಷ ಆಯ್ತು ಅಕ್ಕ, ಏನೂ ಆಗಿಲ್ಲ. ಹೆದರೋರಿಗೆ ಓವನ್ನೇ ಬೇಡ.

ಅಂಟಿದ_ರಿಲೇ:
ಆಫ್ ಬಟನ್ ಒತ್ತಿದ್ಮೇಲೂ ಕಾಯಿಲ್ ಕೆಂಪಗೇ ಇದ್ರೆ ರಿಲೇ, ಅಂದ್ರೆ ಬೋರ್ಡಲ್ಲಿ ಕಾಯಿಲಿಗೆ ಕರೆಂಟ್ ಬಿಡೋ ಸ್ವಿಚ್ಚು, ಅದರ ಕಾಂಟ್ಯಾಕ್ಟ್ ಅಂಟ್ಕೊಂಡಿದೆ ಅಂತ ಅರ್ಥ. ನಂದು ಹಂಗೇ ಆಗಿತ್ತು, ಡಿಸ್‌ಪ್ಲೇ ಆಫ್, ಒಳಗೆ ನಿಗಿನಿಗಿ ಕೆಂಡ. ಅವತ್ತು ರಾತ್ರಿ ಯಾರೂ ನೋಡ್ದೇ ಮಲಗಿಬಿಟ್ಟಿದ್ರೆ ಅಂತ ಈಗ್ಲೂ ಎದೆ ಝಲ್ ಅನ್ನತ್ತೆ. ಬೋರ್ಡಿಂದ ರಿಲೇ ಒಂದನ್ನೇ ಬಿಚ್ಚಿ ಬೇರೆ ಬೆಸುಗೆ ಹಾಕ್ಸಿದೆ, ಪೂರ್ತಿ ಬೋರ್ಡ್ ಯಾಕೆ ಕೊಳ್ಬೇಕು. ಆದ್ರೆ ಕೇಳಿದೋರದ್ದು 235ಕ್ಕೆ ಹೋಗಿ ನಿಲ್ತಿದೆ ಅಂದ್ರೆ ರಿಲೇ ಅಲ್ಲ ಅನ್ಸತ್ತೆ, ರಿಲೇ ಆದ್ರೆ ನಿಲ್ಲಲ್ಲ.

ನಲವತ್ತು_ಕಮ್ಮಿ:
ಇಷ್ಟೆಲ್ಲ ಯಾಕೆ? ನಾನು ನಾಲ್ಕು ವರ್ಷದಿಂದ 40 ಡಿಗ್ರಿ ಕಮ್ಮಿ ಇಡ್ತಿದೀನಿ, ಬಾಗಿಲ ಮೇಲೆ ಚೀಟಿ ಅಂಟ್ಸಿದೀನಿ. ಥರ್ಮಾಮೀಟರ್ ನಂಬಲ್ಲ, ಸಕ್ಕರೆ ನಂಬ್ತೀನಿ. 186ರ ಹತ್ರ ಕರಗತ್ತೆ. 175ಕ್ಕೆ ಕಾಲು ಗಂಟೆ ಇಟ್ರೂ ಕರಗಬಾರದು, 190ಕ್ಕೆ ಕರಗ್ಬೇಕು.

ಮೀಟರ್_ಮಾವ:
ಇವತ್ತು 40, ನಾಳೆ 70 ಆದ್ರೆ ಚೀಟಿ ತಿದ್ದುತೀರಾ?

ನಲವತ್ತು_ಕಮ್ಮಿ:
ಒಂದೂವರೆ ವರ್ಷ ಹಸಿ ಬ್ರೆಡ್ ತಿಂದೋರು ನನಗೆ ಹೇಳ್ಬೇಡಿ ಮಾವ.

ಕರಕಲು_ತಳ:
ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ್ಮೇಲೆ ಬಿಚ್ಚಿದೆ. ಕನೆಕ್ಟರ್ ಕ್ಲೀನಾಗಿದೆ, ಮೀಟರಲ್ಲಿ 1094 ಓಮ್. ಆದ್ರೆ ಸೆನ್ಸರ್ ಹಿಡಿಯೋ ಎರಡು ಸ್ಕ್ರೂನಲ್ಲಿ ಒಂದಿಲ್ಲ, ಇನ್ನೊಂದು ಸಡಿಲ. ಕಡ್ಡಿ ಹಿಂದಕ್ಕೆ ಜಾರಿ ತುದಿ ಅಷ್ಟೇ ಒಳಗಿತ್ತು, ಮಿಕ್ಕಿದ್ದೆಲ್ಲ ಹತ್ತಿಯಂಥ ಇನ್ಸುಲೇಷನ್ ಒಳಗೆ. ಒಳಕ್ಕೆ ತಳ್ಳಿ ಎರಡು ಸ್ಕ್ರೂ ಹಾಕ್ದೆ. ಈಗ 180ಕ್ಕೆ 172ರಿಂದ 189ರ ಮಧ್ಯೆ ಓಡಾಡ್ತಿದೆ. ಇಷ್ಟು ಏರಿಳಿತ ಮಾಮೂಲಾ?

ಎರಡು_ಬೋರ್ಡು:
1094 ಅಂದ್ರೆ ನಿಮ್ದು ಪ್ಲಾಟಿನಂ. ಮಾವ ಖುಷಿ ಪಡ್ಲಿ. ಎರಡು ಸ್ಕ್ರೂನಲ್ಲಿ ಮುಗಿಸಿಬಿಟ್ರಲ್ಲ, ನನ್ನ ಹಳೇ ಬೋರ್ಡು ಇನ್ನೂ ಕಪಾಟಲ್ಲಿದೆ, ಯಾರಿಗಾದ್ರೂ ಬೇಕಾ?

ಮೀಟರ್_ಮಾವ:
ನಾನು ಮೊದ್ಲೇ ಹೇಳಿರ್ಲಿಲ್ವಾ.

ಅಂಟಿದ_ರಿಲೇ:
ಎಲ್ಲಿ ಹೇಳಿದ್ರಿ?