ಒರಟು ಬ್ರಷ್ ಸ್ಕ್ರಿಪ್ಟ್ ಫಾಂಟ್ ಎಲ್ಲೆಲ್ಲಿ ಹಾಕ್ಬೋದು?

ಪ್ರಶ್ನೆ:
ಒಂದು ಇಂಗ್ಲಿಷ್ ಬ್ರಷ್ ಸ್ಕ್ರಿಪ್ಟ್ ಫಾಂಟ್ ತಗೊಂಡಿದೀನಿ. ಒಣ ಬ್ರಷ್‌ನಲ್ಲಿ ಸರ್ರ್ ಅಂತ ಎಳೆದ ಹಾಗಿದೆ, ಗೆರೆ ಶುರುವಾಗೋ ಕಡೆ ಇಂಕ್ ದಟ್ಟ, ತುದೀಲಿ ಎಳೆ ಎಳೆಯಾಗಿ ಬಿಟ್ಕೊಂಡಿರುತ್ತೆ. ಒಂದು ಪದ ಬರೆದ್ರೆ ಸಕತ್ತಾಗಿ ಕಾಣುತ್ತೆ, ಆದ್ರೆ ಬ್ರೋಷರ್‌ಗೆ ಹೆಡಿಂಗು, ಸಬ್‌ಹೆಡಿಂಗು, ಕೆಳಗಿನ ವಿವರ ಎಲ್ಲಾ ಇದ್ರಲ್ಲೇ ಹಾಕಿದ್ಮೇಲೆ ಬರೀ ಗಜಿಬಿಜಿ. ಲೋಗೋಗೂ ಇದೇ ಹಾಕೋಣ ಅಂತಿದೀನಿ, ನಡೆಯುತ್ತಾ?

ಉತ್ತರ 1:
ಗುರು, ಅದು ಡಿಸ್‌ಪ್ಲೇ ಫಾಂಟು, ಅಂದ್ರೆ ದೊಡ್ಡ ಶೀರ್ಷಿಕೆಗೆ ಅಂತ ಮಾಡಿದ್ದು, ಪ್ಯಾರಾ ಓದ್ಸೋಕಲ್ಲ. ಎರಡು ಮೂರು ಪದ, ದೊಡ್ಡದಾಗಿ, ಅಷ್ಟೇ. ಪೋಸ್ಟರ್, ಪುಸ್ತಕದ ಮುಖಪುಟ, ಟೀಶರ್ಟ್, ವಿಡಿಯೋ ಥಂಬ್‌ನೇಲ್ ಇವಕ್ಕೆ ಹೇಳಿ ಮಾಡ್ಸಿದ್ದು. ಸೈಜ್ ಇಳಿಸಿದ್ರೆ ಆ ಎಳೆಗಳ ಮಧ್ಯದ ಗ್ಯಾಪ್ ಮುಚ್ಚಿಕೊಂಡು ಅಕ್ಷರ ಕೊಳೆ ಹತ್ತಿದ ಹಾಗೆ ಕಾಣುತ್ತೆ. ವಿವರಕ್ಕೆ ಒಂದು ಸಾದಾ ಸಾನ್ಸ್ (ಅಕ್ಷರದ ತುದೀಲಿ ಚಿಕ್ಕ ಗೆರೆ ಇಲ್ಲದ ಫಾಂಟ್) ಹಾಕಿ, ಇನ್ನೊಂದು ಸ್ಕ್ರಿಪ್ಟ್, ಅಂದ್ರೆ ಕೈಬರಹದ ಥರದ ಫಾಂಟ್ ಮಾತ್ರ ಬೇಡ. ಪೂರ್ತಿ ಕ್ಯಾಪಿಟಲ್‌ನಲ್ಲೂ ಬರೀಬೇಡಿ, ಆ ದೊಡ್ಡಕ್ಷರಗಳನ್ನ ಪದದ ಮೊದಲಲ್ಲಿ ಕೂರೋ ಹಾಗೆ ಬರೆದಿರ್ತಾರೆ, ಸಾಲಾಗಿ ನಿಲ್ಲಿಸಿದ್ರೆ ಓದೋಕೇ ಆಗಲ್ಲ. ಅಕ್ಷರ ಕೂಡೋ ಫಾಂಟ್ ಆದ್ರೆ ಟ್ರ್ಯಾಕಿಂಗ್ (ಅಕ್ಷರಗಳ ಮಧ್ಯದ ಅಂತರ) ಸೊನ್ನೇಲೇ ಇರ್ಲಿ, ಹೆಚ್ಚಿಸಿದ್ರೆ ಕೊಂಡಿ ಬಿಟ್ಹೋಗುತ್ತೆ.

ಇನ್ನೊಂದು, ಇದನ್ನ ಬಹಳ ಜನ ನೋಡೋದೇ ಇಲ್ಲ: ಒಂದೇ ಪದದಲ್ಲಿ ಎರಡು ಸಲ ‘ಓ’ ಅಕ್ಷರ ಬಂದ್ರೆ ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇರುತ್ತೆ, ಕೈಬರಹ ಅಲ್ಲ ಅಂತ ಅಲ್ಲೇ ಗೊತ್ತಾಗೋಗುತ್ತೆ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಫಾಂಟಿನ ಅಕ್ಷರಗಳನ್ನೆಲ್ಲ ತೋರಿಸೋ ಗ್ಲಿಫ್ಸ್ ಪ್ಯಾನೆಲ್ ತೆಗೆದು ಆಲ್ಟರ್ನೇಟ್, ಅಂದ್ರೆ ಅದೇ ಅಕ್ಷರದ ಇನ್ನೊಂದು ರೂಪ ಇದೆಯಾ ನೋಡಿ, ಇದ್ರೆ ಒಂದನ್ನ ಬದಲಾಯಿಸಿ.

ಉತ್ತರ 2:
ಬ್ರಷ್ ಸ್ಕ್ರಿಪ್ಟ್ ನೋಡಿ ನೋಡಿ ಸಾಕಾಗಿದೆ ಸ್ವಾಮಿ, ಎಲ್ಲಿ ನೋಡಿದ್ರೂ ಅದೇ.

ಉತ್ತರ 1:
ನೀವು ಹೇಳ್ತಿರೋದು ಬಹುಶಃ ಕಂಪ್ಯೂಟರ್ ಜೊತೆಗೇ ಬರ್ತಿದ್ದ, ‘ಬ್ರಷ್ ಸ್ಕ್ರಿಪ್ಟ್’ ಅನ್ನೋ ಹೆಸರಿನದೇ ಆ ಹಳೇ ಫಾಂಟು, 1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಅನ್ನೋ ಅಚ್ಚಕ್ಷರದ ಕಂಪನಿಗೆ ರಾಬರ್ಟ್ ಇ. ಸ್ಮಿತ್ ಮಾಡಿದ್ದು. ಅದರ ಅಂಚು ನಯ, ಇವರದ್ದು ಒರಟು, ಎರಡರ ಗುಣಾನೇ ಬೇರೆ.

ಉತ್ತರ 3:
ಲೋಗೋ ವಿಷಯಕ್ಕೆ ನಾನು ಸ್ವಲ್ಪ ತಡೀತೀನಿ. ಲೋಗೋ ಅಂದ್ರೆ ನಾಳೆ ಸ್ಟಿಕ್ಕರ್ ಕಟಿಂಗ್‌ಗೆ ಹೋಗುತ್ತೆ, ಕಸೂತಿ ಮಷೀನಿಗೆ ಹೋಗುತ್ತೆ, ಫೋನಲ್ಲಿ ಚಿಕ್ಕ ಐಕಾನ್ ಆಗುತ್ತೆ. ಆ ಒರಟು ಟೆಕ್ಸ್ಚರ್‌ನಲ್ಲಿ ನೋಡ್‌ಗಳು (ಅಕ್ಷರದ ಅಂಚನ್ನ ರೂಪಿಸೋ ಬಿಂದುಗಳು) ರಾಶಿ ರಾಶಿ ಇರ್ತವೆ, ಕಟರ್ ಬ್ಲೇಡು ಒಂದೊಂದು ಚೂರನ್ನೂ ಕತ್ತರಿಸ್ತಾ ಕೂರುತ್ತೆ, ಆಮೇಲೆ ಆ ಪುಡಿ ಚೂರೆಲ್ಲ ಕೈಯಲ್ಲಿ ಕೀಳೋನ ಪಾಡು ಕೇಳ್ಬೇಡಿ. ಅದಕ್ಕೆ ಎರಡು ವರ್ಷನ್ ಇಟ್ಕೊಳಿ, ದೊಡ್ಡದಕ್ಕೆ ಒರಟಿಂದು, ಚಿಕ್ಕದಕ್ಕೂ ಕಟಿಂಗ್‌ಗೂ ನಯವಾದ್ದು. ಕೆಲವು ಫಾಂಟ್ ಜೊತೆ ಕ್ಲೀನ್ ವರ್ಷನ್ನೂ ಕೊಟ್ಟಿರ್ತಾರೆ, ಫೋಲ್ಡರ್ ಹುಡುಕಿ. ಕಪ್ಪು ಬ್ಯಾಕ್‌ಗ್ರೌಂಡ್ ಮೇಲೆ ಬಿಳಿ ಅಕ್ಷರ ಪ್ರಿಂಟ್ ಮಾಡೋದಾದ್ರೆ ಮೊದ್ಲು ಒಂದು ಪ್ರೂಫ್ (ಪರೀಕ್ಷೆಗೆ ಒಂದು ಪ್ರತಿ) ತೆಗೀರಿ, ಸಣ್ಣ ಎಳೆಗಳನ್ನ ಇಂಕ್ ನುಂಗ್ಬಿಡುತ್ತೆ.

ಪ್ರಶ್ನೆ ಕೇಳಿದವರು:
ಫೋಲ್ಡರ್‌ನಲ್ಲಿ ಕ್ಲೀನ್ ಇದೆ, ಥ್ಯಾಂಕ್ಸ್! ಎಸ್‌ವಿಜಿ ಅಂತ ಇನ್ನೊಂದು ಫೈಲೂ ಇದೆ, ಅದನ್ನ ವೆಬ್‌ಸೈಟ್‌ಗೆ ಹಾಕ್ಲಾ?

ಉತ್ತರ 3:
ಬೇಡ. ಅದು ಓಪನ್‌ಟೈಪ್ ಎಸ್‌ವಿಜಿ ಅನ್ನೋ ಥರದ ಫಾಂಟ್ ಫೈಲು, ಅಕ್ಷರಗಳು ಬಣ್ಣದ ಛಾಯೆ ಸಮೇತ ಇರುತ್ತೆ, ಫೋಟೋಶಾಪ್‌ನಲ್ಲಿ ಚೆಂದ, ಕ್ರೋಮ್‌ನಲ್ಲಿ ಆ ಬಣ್ಣ ಬರಲ್ಲ. ಒಂದೇ ಹೆಡಿಂಗ್ ತಾನೇ, ಇಮೇಜ್ ಮಾಡಿ ಹಾಕಿ, ಆಲ್ಟ್ ಟೆಕ್ಸ್ಟ್ (ಇಮೇಜ್ ಕಾಣದವರಿಗೆ ಅದರಲ್ಲೇನಿದೆ ಅಂತ ಹೇಳೋ ಬರಹ) ಮರೀಬೇಡಿ. ಫಾಂಟ್ ಫೈಲನ್ನೇ ಸೈಟಿಗೆ ಏರಿಸೋದಾದ್ರೆ ಲೈಸೆನ್ಸ್ ಓದಿ, ಎಷ್ಟೋ ಕಡೆ ಡೆಸ್ಕ್‌ಟಾಪ್‌ಗೆ ಬೇರೆ, ವೆಬ್‌ಗೆ ಬೇರೆ ಇರುತ್ತೆ.