ಮೂಲೆ ಗೋಡೆ ವಿಷಯ: ಕಸ ಮೊದಲಾ, ಚಿತ್ರ ಮೊದಲಾ?

(ಧಾರವಾಡದ ನಮ್ಮ ಬಡಾವಣೆಯ ಫೋನ್ ಗುಂಪಿನ ಮಾತುಕತೆ. ನಂ. ಅಂದರೆ ಮನೆ ನಂಬರ್.)

ಶನಿವಾರ, 30 ಆಗಸ್ಟ್ 2025

ನಂ. 11 (ಅಡ್ಮಿನ್): ಎಲ್ಲರಿಗೂ ನಮಸ್ಕಾರ. 2ನೇ ಅಡ್ಡರಸ್ತೆ ಮೂಲೆ ಗೋಡೆ ಬಗ್ಗೆ ಮಾತಾಡಬೇಕಿದೆ. ಇವತ್ತು ಹಾಲಿಗೆ ಹೋದಾಗ ಎರಡು ನಿಮಿಷ ನಿಂತು ನೋಡಿದೆ. ಹಬ್ಬದ ಬಾಳೆಕಂಬ, ಎಳನೀರು ಚಿಪ್ಪು, ಡೈಪರ್, ಒಂದು ಹರಿದ ಗಾದಿ. ಮಳೆಗೆ ಎಲ್ಲಾ ನೆನೆದು ಒಂದೇ ಮುದ್ದೆ. ಗಾದಿ ಮೇಲೆ ನಾಯಿ ನಾಲ್ಕು ಮರಿ ಹಾಕಿದೆ. ಖಾಲಿ ಸೈಟಿನ ಮಾಲೀಕರು ಪುಣೆಯಲ್ಲಿದ್ದಾರೆ, ಫೋನ್ ಮಾಡಿದ್ದೆ. ಗೋಡೆಗೆ ಬಣ್ಣ ಹೊಡೆದು ಚಿತ್ರ ಬರೆಸಿಕೊಳ್ಳಿ, ನನ್ನ ತಕರಾರಿಲ್ಲ ಅಂದರು. ಗೋಡೆ 60 ಅಡಿ ಇದೆ. ಚಿತ್ರ ಇದ್ದರೆ ಅಲ್ಲಿ ಕಸ ಎಸೆಯಲು ಜನ ಸ್ವಲ್ಪ ಹಿಂಜರಿಯುತ್ತಾರೆ ಅಂತ ನನ್ನ ಲೆಕ್ಕ. ಏನು ಬರೆಸೋಣ?

ನಂ. 19: ಅಕ್ಕಾ, ಇದರಲ್ಲಿ ಕೇಳುವುದೇನಿದೆ? ನಮ್ಮ ಕ್ರಿಕೆಟ್ ಟೀಮು ಹುಬ್ಬಳ್ಳಿ ಟೈಗರ್ಸ್. ದೊಡ್ಡ ಹುಲಿ ಮುಖ, ಪಕ್ಕದಲ್ಲಿ 2023ರಲ್ಲಿ ಗೆದ್ದ ರಾಜ್ಯ ಟಿ20 ಕಪ್, ಮಹಾರಾಜ ಟ್ರೋಫಿ.

ನಂ. 23: ಮೊನ್ನೆ ಗುರುವಾರ ಮೈಸೂರಲ್ಲಿ ಮಂಗಳೂರು ಡ್ರ್ಯಾಗನ್ಸ್ ಕೈಲಿ ಫೈನಲ್ ಸೋತ ಹುಲಿನಾ? 😀

ನಂ. 19: ಅದು ಮಳೆ ಸೋಲಿಸಿದ್ದು. ಮೈದಾನದಲ್ಲಿ ಸೋತಿಲ್ಲ, ಮಳೆಗೆ ಆಟ ನಿಂತಾಗ ಹಾಕೋ ರನ್ ಲೆಕ್ಕದಲ್ಲಿ ಸೋತಿದ್ದು. ನಿಮ್ಮ ಮೈಸೂರು ವಾರಿಯರ್ಸ್ ಈ ಸಲ ಫೈನಲ್‌ವರೆಗಾದರೂ ಬಂತಾ ಅಕ್ಕಾ?

ನಂ. 23: 2024ರ ಕಪ್ ನಮ್ಮದೇ ತಮ್ಮಾ. ಒಂದು ವರ್ಷ ಬಿಡುವು ಕೊಟ್ಟಿದ್ದೇವೆ.

ನಂ. 8: ಧಾರವಾಡದ ಗೋಡೆ ಮೇಲೆ ಹುಬ್ಬಳ್ಳಿ ಹುಲಿ ಯಾಕೆ ಸ್ವಾಮಿ? ನಮ್ಮ ಊರಿಗೆ ಬೇರೆ ಹೆಸರೇ ಇಲ್ಲವಾ? ಇಲ್ಲಿಂದ ನಾಲ್ಕೈದು ಕಿಲೋಮೀಟರಿಗೆ ಮನ್ಸೂರು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ ಊರು. ಸೆಪ್ಟೆಂಬರ್ 12ಕ್ಕೆ ಅವರ ಪುಣ್ಯತಿಥಿ. ಅಷ್ಟರೊಳಗೆ ಅವರ ಚಿತ್ರ ಆಗಲಿ. ಬೇರೆ ಯೋಚನೆ ಬೇಡ.

ನಂ. 30: ಮಾಸ್ತರ್, ಗಂಗೂಬಾಯಿ ಹಾನಗಲ್ಲರನ್ನು ಮರೆತಿರಾ? ಅವರು ಹುಟ್ಟಿದ್ದು ಇದೇ ಧಾರವಾಡದಲ್ಲಿ. ನಾನು ರಾತ್ರಿ ಪಾಳಿ ಮುಗಿಸಿ ಬರುವಾಗ ಕಿವಿಯಲ್ಲಿ ಅವರದೇ ದನಿ. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ದನಿ ಗಂಡಸರ ಹಾಗೆ ದಪ್ಪ ಆಯಿತು. ಬೇರೆಯವರಾಗಿದ್ದರೆ ಹಾಡೋದೇ ಬಿಡುತ್ತಿದ್ದರು. ಅವರು ಅದೇ ದನಿಯಲ್ಲಿ ದೇಶ ಗೆದ್ದರು.

ನಂ. 8: ವೈನಿ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಮನ್ಸೂರರು ಕೊನೆಯವರೆಗೆ ಧಾರವಾಡ ಬಿಡಲಿಲ್ಲ. ಮನೆ ಇನ್ನೂ ಇದೆ, ಮೃತ್ಯುಂಜಯ. ಭೀಮಸೇನ ಜೋಶಿಯವರು ಪುಣೆಗೆ ಹೋದರು. ಕುಮಾರ ಗಂಧರ್ವರು ದೇವಾಸ್‌ಗೆ ಹೋದರು. ಇವರು ಇಲ್ಲೇ ಉಳಿದರು.

ನಂ. 19: ಅಂದರೆ ಭೀಮಸೇನ ಜೋಶಿಯವರು ಹರಾಜಲ್ಲಿ ಬೇರೆ ಟೀಮಿಗೆ ಹೋದರು. ಮನ್ಸೂರರು ಒಂದೇ ಫ್ರಾಂಚೈಸಿ. ಅರ್ಥ ಆಯಿತು ಸರ್.

ನಂ. 8: ತಮಾಷೆ ಬೇಡ.

ನಂ. 19: ತಮಾಷೆ ಅಲ್ಲ ಸರ್, ಕೇಳ್ತಿದ್ದೀನಿ. ಮನ್ಸೂರರ ಘರಾಣೆ, ಅಂದರೆ ಹಾಡೋ ಪರಂಪರೆ, ಯಾವುದು?

ನಂ. 8: ಜೈಪುರ-ಅತ್ರೌಲಿ. ಮಂಜಿ ಖಾನ್, ಭೂರ್ಜಿ ಖಾನ್ ಹತ್ತಿರ ಕಲಿತದ್ದು. ಅಲ್ಲಾದಿಯಾ ಖಾನ್ ಸಾಹೇಬರ ಮಕ್ಕಳು ಅವರು. ಯಾರೂ ಮುಟ್ಟದ ರಾಗಗಳನ್ನು ಹುಡುಕಿ ಹಾಡುತ್ತಿದ್ದರು. ಅವರ ಶಿವಮತ ಭೈರವ ಕೇಳಿದ್ದೀಯಾ ನೀನು?

ನಂ. 19: ಕೇಳಿಲ್ಲ. ಆದರೆ ನೋಡಿ, ಆಟಗಾರ ಇಲ್ಲಿಯವರು, ಘರಾಣೆ ಹೊರಗಿನದು. ನಮ್ಮಲ್ಲಿ ಉಲ್ಟಾ. ಟೀಮು ಇಲ್ಲಿಯದು, 2023ರ ನಾಯಕ ಮನೀಶ್ ಪಾಂಡೆ ಹುಟ್ಟಿದ್ದು ನೈನಿತಾಲ್‌ನಲ್ಲಿ. ಹಿಂದಿನ ವರ್ಷ ಗುಲ್ಬರ್ಗಕ್ಕೆ ಕಪ್ ಗೆದ್ದುಕೊಟ್ಟವರೂ ಅವರೇ. ಆದರೂ ನಮ್ಮವರು ಅಂತೀವಿ, ಅಲ್ವಾ? ಹಾಗಾದರೆ ಹುಬ್ಬಳ್ಳಿ ಹುಲಿ ಧಾರವಾಡದ್ದಲ್ಲ ಅನ್ನೋದು ಯಾವ ನ್ಯಾಯ?

ನಂ. 23: ಹುಡುಗ ವಕೀಲಿಕೆ ಓದಲಿ.

ನಂ. 27 (ಮೊದಲ ಮಹಡಿ): ಆರ್‌ಸಿಬಿ ಹಾಕಿ. 18ನೇ ಸೀಸನ್‌ಗೆ ಕಪ್ ಬಂದಿದೆ. ಎಲ್ಲರಿಗೂ ಒಪ್ಪಿಗೆ ಆಗುವ ಟೀಮು.

ನಂ. 30: ಆಗಲ್ಲ ತಮ್ಮಾ. ಜೂನ್ 3ರ ರಾತ್ರಿ ನಮ್ಮ ಮನೆಯಲ್ಲೂ ಪೇಡೆ ಹಂಚಿದ್ದೆವು. ಮರುದಿನ ಸ್ಟೇಡಿಯಂ ಹೊರಗೆ ನೂಕುನುಗ್ಗಲಲ್ಲಿ 11 ಜನ ತೀರಿಹೋದರು. ಆ ಮಕ್ಕಳ ವಯಸ್ಸು ನೋಡಿ ನನಗೆ ಅನ್ನ ಸೇರಲಿಲ್ಲ. ಈ ವರ್ಷ ಅದನ್ನು ಗೋಡೆ ಮೇಲೆ ಬೇಡ.

ನಂ. 27 (ಮೊದಲ ಮಹಡಿ): ಸರಿ ವೈನಿ. ಬೇಡ.

ನಂ. 4: ನಾನೊಂದು ಕೇಳಲಾ? ನಮ್ಮ ಮನೆ ಕಿಟಕಿ ಎದುರಿಗೇ ಆ ಗೋಡೆ. ಬೆಳಗಿಂದ ಸಂಜೆವರೆಗೆ ಅಲ್ಲಿ ಉಗುಳುತ್ತಾರೆ, ಇನ್ನೊಂದೂ ಮಾಡುತ್ತಾರೆ. ಮನ್ಸೂರರ ಮುಖ ಬರೆಸುತ್ತೀರಿ. ಮರುದಿನ ಯಾವನೋ ಗುಟ್ಕಾ ಉಗುಳಿ ಹೋಗುತ್ತಾನೆ. ಆಗ ಮಾಸ್ತರ್ ಏನು ಮಾಡುತ್ತಾರೆ? ನೋಡಿಕೊಂಡು ಕೂರಬೇಕಾದವನು ನಾನು.

(ಇದಾದಮೇಲೆ ಒಂದೂವರೆ ಗಂಟೆ ಯಾರೂ ಏನೂ ಬರೆಯಲಿಲ್ಲ.)

ನಂ. 11 (ಅಡ್ಮಿನ್): ಕಾಕಾ ಹೇಳಿದ್ದು ಸರಿ. ಮೊದಲು ಕಸ ಯಾಕೆ ಅಲ್ಲಿ ಬೀಳುತ್ತೆ ಅಂತ ನೋಡಬೇಕು. ಕೈಗವಸು ಹಾಕಿಕೊಂಡು, ಕೋಲು ಹಿಡಿದು ಹೋಗಿ ಕೆದಕಿ ಬಂದೆ. ಮೂರು ಕೊರಿಯರ್ ಡಬ್ಬಿ ಸಿಕ್ಕವು. ಮೂರರ ಮೇಲೂ ನಮ್ಮದೇ ಬಡಾವಣೆ ವಿಳಾಸ. ಮನೆ ನಂಬರ್ ಇಲ್ಲಿ ಹಾಕಲ್ಲ.

ನಂ. 8: ಇದರಲ್ಲಿ ಮುಚ್ಚಿಡುವುದೇನಿದೆ? ಬಾಡಿಗೆಗೆ ಬಂದ ಹುಡುಗರು ಅಂತ ಎಲ್ಲರಿಗೂ ಗೊತ್ತು.

ನಂ. 27 (ಮೊದಲ ಮಹಡಿ): ಸರ್, ನಮ್ಮನ್ನೇ ಹೇಳೋದು ಅಂತ ಗೊತ್ತಾಯಿತು. ಇರಬಹುದು, ಒಂದು ಡಬ್ಬಿ ನಮ್ಮದೇ ಇರಬಹುದು. ನಾವು ಮೂರು ಜನ 8:30ಕ್ಕೆ ಮನೆ ಬಿಡುತ್ತೇವೆ. ಕಸದ ಗಾಡಿ ಬರೋದು 10:40ಕ್ಕೆ. ಬಕೆಟ್ ಗೇಟಿನ ಹೊರಗಿಟ್ಟರೆ ನಾಯಿ ಎಳೆದು ಬೀದಿ ತುಂಬಾ ಹರಡುತ್ತೆ, ಆಗಲೂ ನೀವೇ ಬೈಯುತ್ತೀರಿ. ಒಳಗಿಟ್ಟರೆ ಮೂರನೇ ದಿನಕ್ಕೆ ಹುಳ. ಏನು ಮಾಡಬೇಕು ಹೇಳಿ, ಮಾಡುತ್ತೇವೆ.

ನಂ. 30: ನನ್ನದೂ ಅದೇ ಕಥೆ. ಗಾಡಿ ಬರುವ ಹೊತ್ತಿಗೆ ನನಗೆ ಮೊದಲ ನಿದ್ದೆ. ಆ ಗಾಡಿಯ ಹಾಡು ಕನಸಲ್ಲಿ ಕೇಳುತ್ತೆ, ಏಳೋಕೆ ಆಗಲ್ಲ.

ನಂ. 23: ನಮ್ಮ ಸಾಲಲ್ಲಿ 14 ಮನೆ. ಎಣಿಸಿದೆ. 9 ಮನೆಗೆ 10:40ಕ್ಕೆ ಬೀಗ ಇರುತ್ತೆ. ಚಿತ್ರ ಬರೆಸಿ, ದೇವರನ್ನೇ ಬರೆಸಿ, ಆ 9 ಮನೆಯ ಕಸ ಎಲ್ಲಿ ಹೋಗಬೇಕು?

ನಂ. 11 (ಅಡ್ಮಿನ್): ಇದೇ ವಿಷಯ. ಗಾಡಿಯವರ ಹತ್ತಿರ ಮಾತಾಡಿದೆ. ಅವರು ಕೆಳಗಿನ ಬಡಾವಣೆಯಿಂದ ಶುರು ಮಾಡಿ ಏರು ಹತ್ತಿ ಬರುತ್ತಾರೆ, ನಾವು ಕೊನೆ. ಮೇಲಿಂದ ಶುರು ಮಾಡಿ ಕೆಳಗೆ ಇಳಿಯಬಹುದಲ್ವಾ ಅಂತ ಕೇಳಿದೆ. ತುಂಬಿದ ಗಾಡಿ ಏರು ಹತ್ತುವುದಕ್ಕಿಂತ ಇಳಿಯುವುದೇ ಸುಲಭ ಅಕ್ಕಾ, ಆದರೆ ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ ಅಂದರು! ಮೇಸ್ತ್ರಿಯವರು ಒಪ್ಪಿದರೆ ಸೋಮವಾರದಿಂದ 6:45ಕ್ಕೆ ನಮ್ಮ ಮೇಲಿನ ತಿರುವಲ್ಲಿ. ಅರ್ಜಿ ಬರೆದಿದ್ದೇನೆ. ಸಂಜೆ ಗಣಪತಿ ಪೆಂಡಾಲಲ್ಲಿ ಎಲ್ಲರೂ ಸಹಿ ಹಾಕಿ.

ಭಾನುವಾರ, 31 ಆಗಸ್ಟ್

ನಂ. 11 (ಅಡ್ಮಿನ್): 38 ಸಹಿ ಆಗಿವೆ. ಈ ಗುಂಪಲ್ಲಿ ಒಂದು ವರ್ಷದಿಂದ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹಾಕದವರೂ ಬಂದಿದ್ದರು. ಅವರಲ್ಲಿ ನಾಲ್ಕು ಜನ ಸಹಿ ಹಾಕಿ, ಚಿತ್ರ ಭೀಮಸೇನರದೇ ಆಗಬೇಕು ಅಂತ ಹೇಳಿ ಹೋದರು.

ನಂ. 8: ಒಂದು ಮಾತು ಹೇಳಬೇಕು. ಅಡ್ಮಿನ್ ಅಕ್ಕನವರು ಆ ಡಬ್ಬಿಗಳ ಫೋಟೋ ನನಗೆ ಮಾತ್ರ ಕಳಿಸಿದ್ದರು. ಯಾಕೆ ಅಂತ ನೋಡಿದಮೇಲೆ ಗೊತ್ತಾಯಿತು. ಒಂದು ಡಬ್ಬಿ ನಮ್ಮದು. ಮಗ ಪುಣೆಯಿಂದ ಮನ್ಸೂರರ ಸಿ.ಡಿ.ಗಳನ್ನು ಕಳಿಸಿದ್ದ. ಆ ಡಬ್ಬಿಯೇ ಅಲ್ಲಿ ಬಿದ್ದಿದೆ. ನಾನೇ ವಾಕಿಂಗ್ ಹೋಗುವಾಗ ಹಾಕಿದ್ದು. ರಟ್ಟು ತಾನೇ ಅಂದುಕೊಂಡೆ. ಮಹಡಿ ಹುಡುಗರೇ, ನಿಮಗೆ ಹಾಗೆ ಅನ್ನಬಾರದಿತ್ತು.

ನಂ. 27 (ಮೊದಲ ಮಹಡಿ): ಇರಲಿ ಬಿಡಿ ಸರ್. ಇನ್ನೊಂದು ನಮ್ಮದೇ. ಆರ್‌ಸಿಬಿ ಟೀ ಶರ್ಟ್ ಬಂದಿದ್ದು.

ನಂ. 19: ಮೂರನೆಯದು??

ನಂ. 11 (ಅಡ್ಮಿನ್): ನಿಮ್ಮ ಅಪ್ಪನನ್ನು ಕೇಳು.

ನಂ. 4: ಚಿತ್ರದ ವಿಷಯಕ್ಕೆ ನನ್ನದೊಂದು ಸಲಹೆ. ಮುಖ ಬೇಡ. ರೈಲು ಬರೆಸಿ.

ನಂ. 23: ಕಾಕಾ ರೈಲ್ವೆಯಲ್ಲಿ ರಿಟೈರ್ ಆದವರು ಅಂತ ಗೊತ್ತು, ಆದರೂ 😀

ನಂ. 4: ನಗಬೇಡಮ್ಮಾ, ಕೇಳು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಇನ್ನು ನಮ್ಮ ಗದಗಿನ ಸುನಿಲ್ ಜೋಶಿ. ಹುಡುಗನಾಗಿದ್ದಾಗ ಬೆಳಗ್ಗೆ ಎದ್ದು ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ, ಮತ್ತೆ ಗದಗಿಗೆ ಹೋಗಿ ಶಾಲೆಗೆ ಕೂರುತ್ತಿದ್ದರು. 60 ಕಿ.ಮೀ. ಹತ್ತಿರ ದೂರ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಏನು ಮಾಡಿದರು, ಟೈಗರ್ಸ್ ಹುಡುಗ ಹೇಳಲಿ.

ನಂ. 19: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅವರು 117ಕ್ಕೆ ಆಲೌಟ್. 1995-96ರ ರಣಜಿಯಲ್ಲಿ 500 ರನ್ನೂ ದಾಟಿ 50 ವಿಕೆಟ್ಟೂ ದಾಟಿದ್ದರು, ಆ ವರ್ಷ ಕಪ್ಪೂ ಕರ್ನಾಟಕಕ್ಕೆ. ನಾನು ಹುಟ್ಟೋಕೆ ಎಷ್ಟೋ ಮೊದಲು. ಆದರೆ ಕಾಕಾ, 10-6-6-5 ಯಾರಿಗೆ ಗೊತ್ತಿಲ್ಲ?

ನಂ. 30: ನನಗೆ ಗೊತ್ತಿರಲಿಲ್ಲ. ಆರು ರನ್ ಅಷ್ಟೇನಾ?

ನಂ. 8: ಒಂದೇ ರೈಲಿನ ಈ ಕಿಟಕಿಯಲ್ಲಿ ಗಂಗೂಬಾಯಿ, ಆ ಕಿಟಕಿಯಲ್ಲಿ ಜೋಶಿ. ಚೆನ್ನಾಗಿದೆ.

ನಂ. 4: ಒಂದೇ ರೈಲು ಆಗಲ್ಲ ಮಾಸ್ತರ್. ಕುಂದಗೋಳ ಬೆಂಗಳೂರು ಕಡೆ ಲೈನು. ಗದಗ ಪೂರ್ವಕ್ಕೆ, ಅಣ್ಣಿಗೇರಿ ಮೇಲೆ. ಎರಡು ರೈಲು ಬರೆಸಬೇಕು, ನಡುವೆ ಹುಬ್ಬಳ್ಳಿ ಸ್ಟೇಷನ್. ಆ ಕಾಲಕ್ಕೆ ಎರಡೂ ಮೀಟರ್ ಗೇಜ್, ಹಳಿ ಅಗಲ ಬರೆಯಬಾರದು. ನಾನು ಪಕ್ಕದಲ್ಲಿ ನಿಂತು ಹೇಳುತ್ತೇನೆ.

ನಂ. 23: ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್. ನಮ್ಮ ಗೋಡೆ 60 ಅಡಿ. ಹೊಂದಿಸಿಕೊಳ್ಳಿ ಕಾಕಾ. ಒಂದು ಕಿಟಕಿ ಮೈಸೂರು ಕಡೆಯವರಿಗೂ ಇರಲಿ. ಚೌಡಯ್ಯನವರು, ಕೈಯಲ್ಲಿ ಏಳು ತಂತಿಯ ಪಿಟೀಲು.

ನಂ. 8: ಕರ್ನಾಟಕ ಸಂಗೀತಕ್ಕೆ ಇಲ್ಲಿ ಸೀಟಿಲ್ಲ.

ನಂ. 23: ಜನರಲ್ ಬೋಗಿಯಲ್ಲಾದರೂ ಕೊಡಿ ಸರ್.

ನಂ. 11 (ಅಡ್ಮಿನ್): ಕಿಟಕಿ ಜಗಳ ಆಮೇಲೆ. ಮುಂದಿನ ಭಾನುವಾರ, 7ಕ್ಕೆ, ಬೆಳಿಗ್ಗೆ 6:30ಕ್ಕೆ ಗೋಡೆ ಹತ್ತಿರ ಬನ್ನಿ. ಸಲಿಕೆ, ಪೊರಕೆ, ಬುಟ್ಟಿ ತನ್ನಿ. ಸುಣ್ಣ ನನ್ನ ಖರ್ಚು.

ನಂ. 27 (ಮೊದಲ ಮಹಡಿ): ಅವತ್ತು ಗ್ರಹಣ ಅಲ್ವಾ?

ನಂ. 30: ಗ್ರಹಣ ಹಿಡಿಯೋದು ರಾತ್ರಿ ಹತ್ತರ ಹೊತ್ತಿಗೆ. ಪೊರಕೆ ಹಿಡಿಯೋದು ಬೆಳಿಗ್ಗೆ. ತಪ್ಪಿಸಿಕೊಳ್ಳಬೇಡಿ.

ಭಾನುವಾರ, 7 ಸೆಪ್ಟೆಂಬರ್

ನಂ. 11 (ಅಡ್ಮಿನ್): ಬಂದವರು 22 ಜನ. ಟ್ರ್ಯಾಕ್ಟರ್ ಟ್ರೇಲರ್ ತುಂಬಿ ಹೋಯಿತು. ಸುಣ್ಣ ಒಂದು ಕೈ ಹೊಡೆದೆವು, ಅಷ್ಟರಲ್ಲಿ ಜಿಟಿಜಿಟಿ ಶುರು. ಅರ್ಧ ಸುಣ್ಣ ರಸ್ತೆಗೆ ಹರಿಯಿತು. ಚಿತ್ರ 12ರೊಳಗೆ ಆಗಲ್ಲ ಮಾಸ್ತರ್, ಗೋಡೆ ಒಣಗಬೇಕು. ಸೋಮವಾರದಿಂದ ಗಾಡಿ ಬೇಗ ಬರುತ್ತಿದೆ. ಆರು ದಿನದಲ್ಲಿ ಒಂದು ದಿನ ಮಾತ್ರ 7 ದಾಟಿತ್ತು. ಹೊಸ ಕಸ ಎರಡು ಚೀಲ ಬಿದ್ದಿವೆ, ಅವು ನಮ್ಮವರದಲ್ಲ. ಬೈಕಲ್ಲಿ ಬಂದು ಎಸೆಯುವವರಿದ್ದಾರೆ. ಕಾಕಾ ಕಿಟಕಿಯಿಂದ ನೋಡಿ ಕೂಗಿದ್ದಾರೆ.

ನಂ. 4: ಕೂಗಿದ್ದಕ್ಕೆ ಒಬ್ಬ ಚೀಲ ವಾಪಸ್ ಎತ್ತಿಕೊಂಡು ಹೋದ. ಇನ್ನೊಬ್ಬ ನನಗೇ ಕೈ ಬೀಸಿದ.

ನಂ. 8: 12ಕ್ಕೆ ಚಿತ್ರ ಇಲ್ಲದಿದ್ದರೂ ಪರವಾಗಿಲ್ಲ. ಸಂಜೆ 6ಕ್ಕೆ ನಮ್ಮ ಮನೆಗೆ ಬನ್ನಿ, ಸಿ.ಡಿ. ಕೇಳೋಣ. ಗಿರ್ಮಿಟ್ ಮಾಡಿಸುತ್ತೇನೆ. ಟೈಗರ್ಸ್ ಹುಡುಗನೂ ಬರಲಿ.

ನಂ. 19: ಗಿರ್ಮಿಟ್ ಜೊತೆ ಮಿರ್ಚಿ ಇದ್ದರೆ ಬರ್ತೀನಿ ಸರ್. ಅಂದಹಾಗೆ ನಾಯಿ ಮರಿ ನಾಲ್ಕೂ ನಮ್ಮ ಶೆಡ್ಡಲ್ಲಿವೆ. ಹಳೇ ಗಾದಿ ಬಿಟ್ಟು ಬರೋಕೆ ತಾಯಿ ಒಪ್ಪಲಿಲ್ಲ, ಅದರ ಒಂದು ತುಂಡು ಕತ್ತರಿಸಿ ಹಾಸಿದ್ದೇವೆ. ಯಾರಿಗಾದರೂ ಮರಿ ಬೇಕಾ?

ನಂ. 23: ಕಂದು ಬಣ್ಣದ್ದು ನನಗೆ. ಹೆಸರು ಚೌಡಯ್ಯ ಅಂತ ಇಡಲ್ಲ, ಹೆದರಬೇಡಿ ಮಾಸ್ತರ್.

ನಂ. 27 (ಮೊದಲ ಮಹಡಿ): ನೀಲಿ ಹಿಡಿಯ ಸಲಿಕೆ ನಮ್ಮ ಮಹಡಿಗೆ ಬಂದಿದೆ. ಯಾರದ್ದು?